ನಿಂತ ಹೃದಯ ಮತ್ತೆ ಮಿಡಿದ ಮೇಲೆ

ಗಜೇಂದ್ರಗಡದಿಂದ ಜಿಲ್ಲಾ ಕೇಂದ್ರವಾದ ಗದಗಕ್ಕೆ 50 ಕಿಲೋಮೀಟರಿಗೂ ಮಿಕ್ಕಿದ ಹಾದಿ. ರೋಣದಿಂದ 40ರ ಆಸುಪಾಸು. ನರಗುಂದದ ಜನ ದೊಡ್ಡ ಆಸ್ಪತ್ರೆ ಎಂದಾಗ ಹೆಚ್ಚಾಗಿ ಮುಖ ಮಾಡುವುದು ಹುಬ್ಬಳ್ಳಿಯ ಕಡೆಗೆ. ನವಲಗುಂದ ಹಾಯ್ದು ಹೋಗುವ ಆ ರಸ್ತೆಯೂ 50 ಕಿಲೋಮೀಟರ್ ದಾಟುತ್ತದೆ. ಸಂತೆಗೆ, ಮದುವೆಗೆ, ಕಚೇರಿಯ ಕೆಲಸಕ್ಕೆ ಇದು ದೂರವೇನಲ್ಲ. ಆದರೆ ಮನೆಯ ಹಿರಿಯರೊಬ್ಬರು ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಸಿದುಬಿದ್ದಾಗ ಇದೇ ಹಾದಿ ಮುಗಿಯದ ಹಾದಿಯಾಗುತ್ತದೆ. ರಕ್ತ ಸಂಚಾರ ನಿಂತರೆ ಮಿದುಳು ಹಾನಿಯಿಲ್ಲದೆ ತಾಳಿಕೊಳ್ಳುವುದು ನಾಲ್ಕೈದು ನಿಮಿಷ ಮಾತ್ರ.

ಇಷ್ಟು ಸಂಗತಿ ಈಗ ಬಹುತೇಕರಿಗೆ ಗೊತ್ತಿದೆ. ಅಷ್ಟಾಗಿ ಗೊತ್ತಿಲ್ಲದ್ದು ಇದರ ಮುಂದಿನ ಅಧ್ಯಾಯ. ಹೇಗೋ ಹೃದಯ ಮತ್ತೆ ಮಿಡಿಯಿತು, ರೋಗಿ ಐಸಿಯು ಸೇರಿದರು ಎನ್ನೋಣ. ಮರುದಿನ ವೈದ್ಯರು ಎಕೋ ಪರೀಕ್ಷೆ ಮಾಡಿ 'ಪಂಪಿಂಗ್ ಬರೇ 25 ಪರ್ಸೆಂಟ್ ಐತಿ' ಎನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳು ಅದನ್ನು ಕೊನೆಯ ಮಾತೆಂದು ತಿಳಿಯುತ್ತಾರೆ. ಖರ್ಚು ಏರುತ್ತಿರುತ್ತದೆ. 'ಮನೀಗರ ಕರಕೊಂಡು ಹೋಗೂಣು' ಎಂಬ ಮಾತು ಹುಟ್ಟುವುದು ಇಲ್ಲಿಯೇ. ಮೊದಲ ದಿನದ ಆ ಅಂಕಿ ಹೃದಯದ ನಿಜವಾದ ಶಕ್ತಿಯನ್ನು ಹೇಳುವುದೇ? ಬಹಳ ಸಲ ಇಲ್ಲ. ಈ ಉತ್ತರವನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ಅನೇಕ ದಶಕಗಳೇ ಬೇಕಾದವು.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಪತ್ರಿಕೆಗಳಲ್ಲಿಯೂ ಹೃದಯಾಘಾತ ಮತ್ತು ಹೃದಯ ಸ್ತಂಭನ ಎಂಬ ಎರಡು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬರುವುದುಂಟು. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿ, ಆ ಭಾಗದ ಸ್ನಾಯು ಸಾಯತೊಡಗುವುದು. ಆಗಲೂ ಹೃದಯ ಬಡಿಯುತ್ತಲೇ ಇರುತ್ತದೆ. ರೋಗಿ ಮಾತಾಡುತ್ತಿರಬಹುದು, 'ಗ್ಯಾಸ್ ಆಗೇತಿ' ಎಂದು ಸೋಡಾ ಕುಡಿಯುತ್ತಲೂ ಇರಬಹುದು. ಸ್ತಂಭನವೆಂದರೆ ಬಡಿತವೇ ನಿಲ್ಲುವುದು, ಇಲ್ಲವೆ ಹೃತ್ಕುಕ್ಷಿಗಳು ಲಯ ತಪ್ಪಿ ಬರಿದೆ ಅದುರುತ್ತ ರಕ್ತವನ್ನು ತಳ್ಳಲಾರದೆ ಹೋಗುವುದು. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು. ಹಾಗೆ ತಿರುಗಿದ ಕ್ಷಣದಿಂದ ಲೆಕ್ಕ ಗಂಟೆಗಳದ್ದಲ್ಲ, ನಿಮಿಷಗಳದ್ದು.

ನಾಡಿ ಸಿಗದಿದ್ದರೆ ಹೃದಯ ನಿಂತಿತೆಂದು ನಮ್ಮಲ್ಲಿ ಮೊದಲಿನಿಂದಲೂ ತಿಳಿಯುತ್ತ ಬಂದಿದ್ದಾರೆ. ಇದರ ಬಗ್ಗೆ ಒಂದು ಸ್ವಾರಸ್ಯಕರ ಪ್ರಸಂಗವಿದೆ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ಹೃದಯದ ಬಡಿತವನ್ನು ತಡೆಹಿಡಿಯಬಲ್ಲರೆಂಬ ಪ್ರತೀತಿ ಇತ್ತು. 1935ರಲ್ಲಿ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರಾಸ್ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದು ಅವರನ್ನು ಪರೀಕ್ಷಿಸಿದರು. ಎರಡು ದಶಕಗಳ ನಂತರ ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ವಿಜ್ಞಾನಿಗಳು ಇಂಥ ಯೋಗಿಗಳನ್ನು ಮತ್ತೆ ಪರೀಕ್ಷೆಗೊಳಪಡಿಸಿ 1961ರಲ್ಲಿ ವರದಿ ಪ್ರಕಟಿಸಿದರು. ಉಸಿರು ಬಿಗಿಹಿಡಿದಾಗ ಎದೆಯೊಳಗಿನ ಒತ್ತಡ ಏರಿ ಕೈಯ ನಾಡಿ ಮಾಯವಾಗುತ್ತದೆ, ಎದೆಯ ಸದ್ದು ಅಡಗುತ್ತದೆ, ಆದರೆ ಹೃದಯ ನಿಲ್ಲುವುದಿಲ್ಲ ಎಂಬುದು ಅವರು ಕಂಡ ಸಂಗತಿ. ಯೋಗದ ಹಿರಿಮೆ ಇದರಿಂದ ಕಡಿಮೆಯಾಗಲಿಲ್ಲ. ನಾಡಿಯೇ ಬೇರೆ, ಹೃದಯವೇ ಬೇರೆ ಎಂಬುದಂತೂ ಸ್ಪಷ್ಟವಾಯಿತು.

ನಿಜವಾಗಿ ನಿಂತ ಹೃದಯವನ್ನು ಹೊರಡಿಸುವ ಪ್ರಯತ್ನ ಹಳೆಯದು. 1891ರಲ್ಲಿ ಜರ್ಮನಿಯ ಫ್ರೀಡ್ರಿಖ್ ಮಾಸ್ ಎದೆಯನ್ನು ಹೊರಗಿನಿಂದ ಒತ್ತಿ ರೋಗಿಗಳನ್ನು ಉಳಿಸಿದ್ದ. ವಿಚಿತ್ರವೆಂದರೆ ವೈದ್ಯರು ಅದನ್ನು ಮರೆತೇಬಿಟ್ಟರು. ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಎದೆ ಸೀಳಿ, ಕೈಯಿಂದ ಹೃದಯವನ್ನು ಹಿಚುಕುವುದೇ ಉಪಾಯವೆನಿಸಿತ್ತು. 1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 14 ವರ್ಷದ ಬಾಲಕನೊಬ್ಬನ ಹೃದಯ ಶಸ್ತ್ರಕ್ರಿಯೆಯ ವೇಳೆ ಅದುರತೊಡಗಿದಾಗ ಕ್ಲಾಡ್ ಬೆಕ್ ಎಂಬ ಸರ್ಜನ್ ಬಹಳ ಹೊತ್ತು ಹೃದಯವನ್ನು ಹಿಚುಕುತ್ತಿದ್ದು, ಕೊನೆಗೆ ನೇರವಾಗಿ ಅದಕ್ಕೇ ವಿದ್ಯುತ್ ಷಾಕ್ ಕೊಟ್ಟು ಲಯಕ್ಕೆ ತಂದರು. ಹುಡುಗ ಗುಣಮುಖನಾದ. ಹೀಗೆ ನಿಲ್ಲುವ ಅದೆಷ್ಟೋ ಹೃದಯಗಳು ಸಾಯುವಷ್ಟು ಕೆಟ್ಟಿರುವುದಿಲ್ಲ ಎಂಬುದು ಬೆಕ್ ಅವರ ನಂಬಿಕೆಯಾಗಿತ್ತು.

ಎದೆ ಸೀಳದೆ ಈ ಕೆಲಸ ಸಾಧ್ಯವೆಂದು ತೋರಿಸಿದ ತಂಡದ ಹಿರಿಯ ವೈದ್ಯನಲ್ಲ, ವಿದ್ಯುತ್ ಎಂಜಿನಿಯರ್. ಬಾಲ್ಟಿಮೋರಿನ ವಿಲಿಯಂ ಕೌವೆನ್‌ಹೋವನ್ ನಾಯಿಗಳ ಮೇಲೆ ಷಾಕ್ ಯಂತ್ರದ ಪ್ರಯೋಗ ನಡೆಸುತ್ತಿದ್ದಾಗ, ಅವರ ಕಿರಿಯ ಸಹೋದ್ಯೋಗಿ ಗೈ ನಿಕರ್‌ಬಾಕರ್ ಒಂದು ಸಣ್ಣ ಸಂಗತಿ ಗಮನಿಸಿದರು. ಭಾರವಾದ ಲೋಹದ ಹಿಡಿಗಳನ್ನು ಎದೆಯ ಮೇಲೆ ಒತ್ತಿದಾಗಲೆಲ್ಲ, ಷಾಕ್ ಕೊಡುವ ಮೊದಲೇ, ನಾಯಿಯ ರಕ್ತದೊತ್ತಡ ತುಸು ಏರುತ್ತಿತ್ತು. ಸರ್ಜನ್ ಜೇಮ್ಸ್ ಜೂಡ್ ಜೊತೆಗೂಡಿದರು. 1960ರಲ್ಲಿ ಮೂವರೂ ಪ್ರಕಟಿಸಿದ ಲೇಖನದಲ್ಲಿ 20 ರೋಗಿಗಳ ವಿವರವಿತ್ತು; ಅವರಲ್ಲಿ 14 ಮಂದಿ ಬದುಕಿದ್ದರು. ಬೇಕಾದದ್ದು ಎರಡು ಕೈಗಳು ಮಾತ್ರ. ಇಂದು ಸಿಪಿಆರ್ ಎಂದು ಹೆಸರಾದ ವಿಧಾನದ ತಳಹದಿ ಇದೇ.

ಹೃದಯ ಹೊರಟರೆ ಕೆಲಸ ಮುಗಿಯಿತೆಂಬ ಉತ್ಸಾಹ ಆಗ ಸಹಜವಾಗಿತ್ತು. ಅದಕ್ಕೆ ತಡೆಯೊಡ್ಡಿದವರಲ್ಲಿ ಪ್ರಮುಖರು ಮಾಸ್ಕೋದ ವ್ಲಾದಿಮಿರ್ ನೆಗೋವ್‌ಸ್ಕಿ. 1936ರಿಂದಲೇ ಮರಣದ ಅಂಚಿನಿಂದ ದೇಹವನ್ನು ಮರಳಿಸುವ ವಿಷಯವಾಗಿ ಪ್ರಯೋಗಾಲಯ ನಡೆಸಿ, ಯುದ್ಧಕಾಲದಲ್ಲಿ ರಣರಂಗದ ಗಾಯಾಳುಗಳ ನಡುವೆ ದುಡಿದಿದ್ದ ಈತ, ರಕ್ತ ಸಂಚಾರ ಮರಳಿದ ನಂತರ ಇಡೀ ದೇಹದಲ್ಲಿ ಹೊಸದೊಂದು ಕಾಯಿಲೆಯೇ ಆರಂಭವಾಗುತ್ತದೆ ಎಂದು 1972ರಲ್ಲಿ ವಾದಿಸಿದರು. ಅತ್ತ ಅಮೆರಿಕದಲ್ಲಿ ರಾಬರ್ಟ್ ಜೆನ್ನಿಂಗ್ಸ್ 1960ರಷ್ಟು ಹಿಂದೆಯೇ, ನಾಯಿಯ ಹೃದಯಕ್ಕೆ ರಕ್ತ ತಡೆದು ಮತ್ತೆ ಬಿಟ್ಟಾಗ ಹಾನಿಗೊಂಡ ಸ್ನಾಯುವಿನ ನಾಶ ಚುರುಕಾಗುವುದನ್ನು ಕಂಡಿದ್ದರು. ಜೀವ ಕೊಡಬೇಕಾದ ರಕ್ತವೇ ಗಾಯ ಮಾಡುವುದೆಂದರೆ ಹೇಗೆ?

ಮಲಪ್ರಭೆಯ ಕಾಲುವೆಯ ನೀರನ್ನು ಕಾದು ಕುಳಿತು ಬಲ್ಲ ನರಗುಂದದ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲಕ್ಕೆ ಒಮ್ಮೆಲೇ ನೀರು ನುಗ್ಗಿದರೆ ಬೆಳೆಗೆ ಸಿಗುವುದಕ್ಕಿಂತ ಕೊಚ್ಚಿ ಹೋಗುವುದೇ ಹೆಚ್ಚು. ಹೃದಯದ ಜೀವಕೋಶದಲ್ಲಿಯೂ ರಕ್ತವಿಲ್ಲದ ವೇಳೆ ಇಂಧನ ತೀರುತ್ತದೆ, ಆಮ್ಲ ತುಂಬಿಕೊಳ್ಳುತ್ತದೆ, ಸೋಡಿಯಂ ಒಳಸೇರುತ್ತದೆ. ರಕ್ತ ಮರಳಿದ ಮೊದಲ ನಿಮಿಷಗಳಲ್ಲಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಮ್ಲಜನಕದಿಂದ ಹುಟ್ಟುವ ಉಗ್ರ ಕಣಗಳು ಕೋಶದ ಪೊರೆಗಳನ್ನು ಕೊರೆಯುತ್ತವೆ. ಶಕ್ತಿಯ ಉತ್ಪಾದನೆ ನಡೆಸುವ ಮೈಟೊಕಾಂಡ್ರಿಯಗಳೇ ಕೆಲವೆಡೆ ಒಡೆಯುತ್ತವೆ. ಹೋಲಿಕೆಗೆ ಮಿತಿಯಿದೆ. ಹೊಲಕ್ಕೆ ನೀರನ್ನು ತಡಮಾಡಿ ಬಿಡಬಹುದು, ಹೃದಯಕ್ಕೆ ರಕ್ತವನ್ನು ತಡಮಾಡುವಂತಿಲ್ಲ. ನಾಳ ಪೂರ್ತಿ ಮುಚ್ಚಿದ 20ರಿಂದ 40 ನಿಮಿಷಗಳಲ್ಲಿ ಸ್ನಾಯು ಸಾಯಲು ಆರಂಭಿಸಿ, ಸಾವು ಒಳಪದರದಿಂದ ಹೊರಪದರಕ್ಕೆ ಕೆಲವೇ ಗಂಟೆಗಳಲ್ಲಿ ಹಬ್ಬುತ್ತದೆ.

ಈ ನಡುವೆ 1975ರಲ್ಲಿ ಹೈಂಡ್ರಿಕ್ಸ್, ವ್ಯಾಟ್ನರ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ದಿಕ್ಕನ್ನೇ ಬದಲಿಸಿತು. ನಾಯಿಯ ಹೃದಯದ ಒಂದು ನಾಳವನ್ನು 15 ನಿಮಿಷ ಮಾತ್ರ ಕಟ್ಟಿ ಬಿಟ್ಟರು. ರಕ್ತ ಪೂರ್ಣವಾಗಿ ಮರಳಿತು, ಇಸಿಜಿಯೂ ಬೇಗ ಸರಿಹೋಯಿತು. ಆದರೆ ಆ ಭಾಗದ ಸ್ನಾಯು ಮಾತ್ರ ಗಂಟೆಗಟ್ಟಲೆ ಸರಿಯಾಗಿ ಕುಗ್ಗಲೇ ಇಲ್ಲ. ಸತ್ತಿರಲೂ ಇಲ್ಲ, ಒಂದು ದಿನದೊಳಗೆ ತಾನಾಗಿ ಚೇತರಿಸಿಕೊಂಡಿತು. 1982ರಲ್ಲಿ ಯುಜೀನ್ ಬ್ರಾನ್ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಇಂಥ ಸ್ನಾಯುವಿಗೆ ಕೊಟ್ಟ ಹೆಸರನ್ನು ಕನ್ನಡದಲ್ಲಿ 'ದಂಗುಬಡಿದ ಹೃದಯ' ಎನ್ನಬಹುದು. ನಾಳ ಕಿರಿದಾಗಿ ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಬದುಕುವ ಸ್ನಾಯುವಿಗೆ, ಮುಂಬಯಿಯಲ್ಲಿ ಹುಟ್ಟಿದ ಹೃದಯತಜ್ಞ ಷಾಬುದ್ದೀನ್ ರಹೀಮ್‌ತೂಲ ಚಳಿನಿದ್ರೆಯ ಹೋಲಿಕೆ ಕೊಟ್ಟರು. ಅದು ಬೇರೆಯೇ ಸ್ಥಿತಿ. ಆದರೂ ಎರಡೂ ಸೇರಿ ಒಂದು ಹಳೆಯ ನಂಬಿಕೆಯನ್ನು ಅಲುಗಿಸಿದವು: ಅಲುಗದ ಸ್ನಾಯುವೆಲ್ಲ ಸತ್ತ ಸ್ನಾಯುವಲ್ಲ.

ಸ್ತಂಭನದ ಸಂಗತಿಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ರಕ್ತ ನಿಲ್ಲುವುದು ಹೃದಯದ ಒಂದು ಭಾಗಕ್ಕಲ್ಲ, ಇಡೀ ಹೃದಯಕ್ಕೆ. 1996ರಲ್ಲಿ ಕರ್ಲ್ ಕರ್ನ್ ಮತ್ತು ಸಂಗಡಿಗರು ಹಂದಿಗಳಲ್ಲಿ ಇದನ್ನು ಅಳೆದರು. ಸ್ತಂಭನದಿಂದ ಮರಳಿದ ಹೃದಯ ಮೊದಲ ಗಂಟೆಗಳಲ್ಲಿ ತೀರ ಬಲಹೀನವಾಗಿದ್ದು, 48 ಗಂಟೆಗಳಲ್ಲಿ ಮೊದಲಿನ ಸ್ಥಿತಿಗೆ ಬಂದಿತು. ಮನುಷ್ಯರಲ್ಲಿ ಹೇಗೆ ಎಂಬುದನ್ನು ಪ್ಯಾರಿಸಿನ ವೈದ್ಯರು 2002ರಲ್ಲಿ ಪ್ರಕಟಿಸಿದರು. ಮೊದಲ ಎಂಟು ಗಂಟೆಗಳ ಹೊತ್ತಿಗೆ ತಳಮಟ್ಟಕ್ಕೆ ಇಳಿಯುವ ಹೃದಯದ ಕೆಲಸ, 24 ಗಂಟೆಗಳಲ್ಲಿ ಸುಧಾರಿಸತೊಡಗಿ ಮೂರನೆಯ ದಿನದ ಹೊತ್ತಿಗೆ ಬಹುಪಾಲು ಚೇತರಿಸುತ್ತದೆ. ಈ ಅವಧಿಯಲ್ಲಿ ಔಷಧದ ಆಸರೆ ಕೊಟ್ಟರೆ ದಂಗುಬಡಿದ ಸ್ನಾಯು ಸ್ಪಂದಿಸುತ್ತದೆ, ಸತ್ತ ಸ್ನಾಯು ಸ್ಪಂದಿಸದು. ಅಂದರೆ ಮೊದಲ ದಿನದ ಎಕೋ ತೋರಿಸುವ '25 ಪರ್ಸೆಂಟ್' ಅನೇಕ ವೇಳೆ ದಂಗುಬಡಿದ ಹೃದಯದ ಅಂಕಿ. ಬೆಂಚಿನ ಮೇಲೆ ಕುಳಿತ ಬಂಧುಗಳಿಗೆ ಇದನ್ನು ಹೇಳುವವರು ಇರಬೇಕು.

ಹೃದಯ ಚೇತರಿಸಿದರೂ ಮಿದುಳು ಚೇತರಿಸುವುದೇ ಎಂಬುದು ಇನ್ನೊಂದು ಪ್ರಶ್ನೆ, ಕಠಿಣವಾದ ಪ್ರಶ್ನೆ. ಆಸ್ಪತ್ರೆ ತಲುಪಿದ ಮೇಲೆ ಸಾಯುವವರಲ್ಲಿ ಬಹಳ ಮಂದಿಯನ್ನು ಒಯ್ಯುವುದು ಮಿದುಳಿನ ಹಾನಿಯೇ. 2002ರಲ್ಲಿ ದೇಹವನ್ನು 32ರಿಂದ 34 ಡಿಗ್ರಿಯವರೆಗೆ ತಂಪುಗೊಳಿಸುವ ಚಿಕಿತ್ಸೆ ಭರವಸೆ ಹುಟ್ಟಿಸಿತ್ತು. 2013 ಮತ್ತು 2021ರ ದೊಡ್ಡ ಅಧ್ಯಯನಗಳಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣದೆ, ಈಗ ಜ್ವರ ಬರದಂತೆ ನೋಡಿಕೊಳ್ಳುವುದಕ್ಕೆ ಒತ್ತು ಬಿದ್ದಿದೆ. ಪ್ರಜ್ಞೆ ಮರಳದ ರೋಗಿಯ ಮಿದುಳಿನ ಭವಿಷ್ಯವನ್ನು 72 ಗಂಟೆಗಳಿಗೆ ಮೊದಲು ನಿರ್ಧರಿಸಬಾರದು ಎಂಬುದು ಯುರೋಪಿನ ವೈದ್ಯ ಮಂಡಳಿಗಳ ಸೂಚನೆ. ಇಲ್ಲಿಯೂ ಮೂರು ದಿನಗಳ ಲೆಕ್ಕವೇ ಬರುತ್ತದೆ.

ಇವೆಲ್ಲ ಬಾಲ್ಟಿಮೋರ್, ಪ್ಯಾರಿಸ್‌ಗಳ ಮಾತಾಯಿತು. ರೋಣದ ಮಟ್ಟಿಗೆ ಏನು? 1957ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಎನಿಸಿಕೊಳ್ಳುವ ಹುಬ್ಬಳ್ಳಿಯ ಆಸ್ಪತ್ರೆಯೇ ಬಹುಕಾಲ ಈ ಭಾಗದ ದೊಡ್ಡ ಆಸರೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಗೆ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರ ನವೆಂಬರಿನಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ ಊರಿನ ಜೀಪು, ಟೆಂಪೋಗಳೇ ಗತಿಯಾಗಿದ್ದವು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡಾಗ ರಾಜ್ಯವೇ ತತ್ತರಿಸಿತು. ಬೆಂಗಳೂರಿನಂಥ ನಗರದಲ್ಲಿ, ಕೈಗೆಟಕುವಷ್ಟು ಆಸ್ಪತ್ರೆಗಳಿದ್ದೂ, ಕ್ಷಣಗಳು ಕೈ ಜಾರಿದ್ದವು. ಮುಂದೆ ಸರ್ಕಾರ ಅವರ ಹೆಸರಿನಲ್ಲಿಯೇ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಸಂಸ್ಥೆಯ ತಜ್ಞರು ದೂರದಿಂದಲೇ ನೋಡಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವುದು ಇದರ ಕ್ರಮ. ರೋಗಿಯನ್ನು ಆ ನಂತರ ದೊಡ್ಡ ಆಸ್ಪತ್ರೆಗೆ ಸಾಗಿಸಲಾಗುತ್ತದೆ. ಹೆಪ್ಪು ಕರಗಿಸುವ ಔಷಧದ ಗುಣ 1988ರಲ್ಲಿಯೇ ಸಾಬೀತಾಗಿತ್ತು. ಆಗ 17,187 ರೋಗಿಗಳ ಅಧ್ಯಯನವೊಂದರಲ್ಲಿ ಸ್ಟ್ರೆಪ್ಟೊಕೈನೇಸ್ ಮತ್ತು ಅಗ್ಗದ ಆಸ್ಪಿರಿನ್ ಜೊತೆಗೂಡಿ ಸಾವನ್ನು ಶೇ. 42ರಷ್ಟು ತಗ್ಗಿಸಿದ್ದವು. ಔಷಧ ನಗರದಿಂದ ತಾಲ್ಲೂಕಿಗೆ ಇಳಿಯಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಆದರೆ ಚುಚ್ಚುಮದ್ದು ಬಡಿಯುತ್ತಿರುವ ಹೃದಯಕ್ಕೆ. ನಿಂತ ಹೃದಯಕ್ಕೆ ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿದ್ದವರ ಕೈಗಳೇ ಔಷಧ. ಎದೆಯ ನಡುವೆ ಅಂಗೈ ಊರಿ, ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು. ಸಾಮಾನ್ಯ ಜನ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕಿಲ್ಲ, ಬರೀ ಒತ್ತಿದರೆ ಸಾಕು ಎಂದು ಭಾರತದ ಅರಿವಳಿಕೆ ತಜ್ಞರು 2017ರಲ್ಲಿಯೇ ಸರಳ ಕ್ರಮ ರೂಪಿಸಿದ್ದಾರೆ. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಉಳಿಯುವ ಅವಕಾಶ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಊರಿನಲ್ಲಿ ಆ ಹೊತ್ತಿಗೆ ಸಾಮಾನ್ಯವಾಗಿ ನಡೆಯುವುದು ನೀರು ಚಿಮುಕಿಸುವುದು, ಅಂಗಾಲು ತಿಕ್ಕುವುದು, ವಾಹನಕ್ಕಾಗಿ ಓಡಾಡುವುದು. ಎದೆ ಒತ್ತಲು ಜನ ಹಿಂಜರಿಯುತ್ತಾರೆ, ಪಕ್ಕೆಲುಬು ಮುರಿದೀತೆಂದು. ಮುರಿಯುವುದೂ ಉಂಟು. ಮುರಿದ ಎಲುಬು ಕೂಡುತ್ತದೆ.

ಬದುಕಿ ಮನೆಗೆ ಬಂದವರ ಹೃದಯದಲ್ಲಿ ಸತ್ತುಹೋದ ಭಾಗ ಗಾಯದ ಕಲೆಯಾಗಿ ಉಳಿಯುತ್ತದೆ. ಹೃದಯದ ಸ್ನಾಯುಕೋಶಗಳು ವರ್ಷಕ್ಕೆ ಶೇ. 1ರಷ್ಟೂ ಹೊಸದಾಗಿ ಹುಟ್ಟುವುದಿಲ್ಲವೆಂದು 2009ರ ಸಂಶೋಧನೆ ತಿಳಿಸಿದೆ. ದಂಗುಬಡಿದ ಭಾಗ ಮಾತ್ರ ವಾರಗಳವರೆಗೂ ಸುಧಾರಿಸುತ್ತಿರುತ್ತದೆ. ಹೃದಯಾಘಾತದ ನಂತರ ಬಲಹೀನವಾದ ಹೃದಯಕ್ಕೆ ಮುಂಜಾಗ್ರತೆಯಾಗಿ ಷಾಕ್ ಯಂತ್ರವನ್ನು ಎದೆಯೊಳಗೆ ಕೂರಿಸಬೇಕೆ ಎಂಬುದನ್ನು ವೈದ್ಯರು ಸಾಮಾನ್ಯವಾಗಿ 40 ದಿನ ಕಳೆಯುವ ಮೊದಲು ತೀರ್ಮಾನಿಸುವುದಿಲ್ಲ. ಅಷ್ಟರಲ್ಲಿ ಇನ್ನೊಮ್ಮೆ ಎಕೋ ಮಾಡಿಸಿ, ಮೊದಲ ದಿನದ ಅಂಕಿಯ ಪಕ್ಕದಲ್ಲಿಟ್ಟು ನೋಡುತ್ತಾರೆ.