ಅವ್ವನ ಲೆಕ್ಕದ ವಹಿ

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ನನ್ನ ಪಾಲಿಗೆ ಬಂತು. ಯಾರೂ ಜಗಳಾಡದ ಪಾಲು ಅದು. ಒಂದು ಇಳಕಲ್ಲ ಸೀರೆ, ಅಂಚು ಸವೆದ ಒಂದು ಕೌದಿ, ಒಂದೇ ಕಿವಿಯುಳಿದ ಕನ್ನಡಕ. ಅವುಗಳ ತಳದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಲೆಕ್ಕದ ವಹಿಗಳು. ಕಿರಾಣಿ ಅಂಗಡಿಯವರು ಬರೆಯುವಂಥ, ಕೆಂಪು ಅರಿವೆಯ ರಟ್ಟಿನ ಉದ್ದನೆಯ ವಹಿಗಳು. ಎಣಿಸಿದೆ, ಹತ್ತೊಂಬತ್ತು ಇದ್ದವು.

ನಾನು ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಹೇಳಿದವಳು. ಇಸವಿಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಯುದ್ಧ ಯಾವಾಗ ಆಯಿತು, ಒಪ್ಪಂದ ಯಾವಾಗ ಆಯಿತು ಎಂದು ಕೇಳಿ, ಹೇಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆದರೆ ಆ ಇಸವಿಗಳೆಲ್ಲ ನಮ್ಮ ಅಡುಗೆಮನೆಗೂ ಬಂದು ಹೋಗಿದ್ದವೆಂಬುದು ನನಗೆ ತಿಳಿದದ್ದು ಈ ವಹಿಗಳನ್ನು ಓದಿದಾಗಲೇ.

ಅವ್ವ ಕಲಿತದ್ದು ನಾಲ್ಕನೇ ಇಯತ್ತೆ. 1961ರಲ್ಲಿ ಮದುವೆಯಾಗಿ ವಿಜಾಪುರ ಜಿಲ್ಲೆಯ ಒಂದು ಹಳ್ಳಿಗೆ ಬಂದಳು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಪಗಾರದ ದಿನ ದುಡ್ಡು ತಂದು ಆಯಿಯ ಕೈಗೆ, ಅಂದರೆ ನನ್ನ ಅಜ್ಜಿಯ ಕೈಗೆ, ಕೊಡುತ್ತಿದ್ದ. ಆಯಿಗೆ ಓದು ಬರಹ ಬರುತ್ತಿರಲಿಲ್ಲ. ದುಡ್ಡು ಆಯಿಯ ಸೊಂಟದ ಚೀಲದಲ್ಲಿ, ಲೆಕ್ಕ ಅವ್ವನ ವಹಿಯಲ್ಲಿ. ಹೀಗೆ ಅಧಿಕಾರ ಒಬ್ಬರದು, ದಫ್ತರ ಇನ್ನೊಬ್ಬರದು.

ಮೊದಲ ವಹಿಯಲ್ಲಿ ಹೊಸ ಸೊಸೆಯ ಹುಮ್ಮಸ್ಸು ಕಾಣುತ್ತದೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದಿತ್ತಷ್ಟೆ. ರೂಪಾಯಿಗೆ ಹದಿನಾರು ಆಣೆ ಇದ್ದದ್ದು ನೂರು ನಯಾಪೈಸೆಯಾಯಿತು. ಆದರೆ ನಮ್ಮೂರ ಬಾಯಲ್ಲಿ ಆಣೆ ಇನ್ನೂ ಹೋಗಿರಲಿಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಒಂದು ಆಣೆಗೆ ಆರೂಕಾಲು ನಯಾಪೈಸೆ. ಕಾಲು ಪೈಸೆ ಎಲ್ಲಿಂದ ತರಬೇಕು? ಸರಕಾರದ ಪಟ್ಟಿಯಂತೆ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ನಯಾಪೈಸೆ. ಅವ್ವ ಇದನ್ನು ನೋಡಿ ಒಂದು ಯುಕ್ತಿ ಕಂಡುಕೊಂಡಳು. ನಾಲ್ಕಾಣೆಯ ಸಾಮಾನು ಒಮ್ಮೆಲೇ ತಂದರೆ 25 ನಯಾಪೈಸೆ. ಒಂದೊಂದಾಣೆಯಂತೆ ನಾಲ್ಕು ದಿನ ತಂದರೆ 24. ಒಂದು ನಯಾಪೈಸೆ ಉಳಿಯಿತು! ವಹಿಯ ಅಂಚಿನಲ್ಲಿ ಆ ಉಳಿಕೆಯನ್ನು ಬೇರೆಯಾಗಿ ಬರೆದಿದ್ದಾಳೆ. ಆರು ತಿಂಗಳಲ್ಲಿ ಅದು ಒಂದು ಡಜನ್ ಹಸಿರು ಬಳೆಯಾಯಿತು. ಅಂಗಡಿಯ ಶೆಟ್ಟರಿಗೆ ಇದು ಗೊತ್ತಾಗಿ, "ಮಾಸ್ತರ ಹೇಂತಿ ಮಾಸ್ತರಗಿಂತ ಶ್ಯಾಣೆ ಅದಾಳ" ಎಂದರಂತೆ. ಆ ಮಾತನ್ನು ಅವ್ವ ಎಂಬತ್ತರ ಹತ್ತಿರ ಬಂದರೂ ಹೇಳಿಕೊಂಡು ನಗುತ್ತಿದ್ದಳು.

ಏರು ಇದ್ದಲ್ಲಿ ಇಳಿತ ಇದ್ದದ್ದೇ. 1962ರ ಚೀನಾ ಯುದ್ಧದ ಕಾಲಕ್ಕೆ ಊರೂರಲ್ಲಿ ಸಭೆ ಸೇರಿ ಹೆಣ್ಣುಮಕ್ಕಳು ರಾಷ್ಟ್ರೀಯ ರಕ್ಷಣಾ ನಿಧಿಗೆ ಚಿನ್ನ ಕೊಟ್ಟರು. ಮಾಸ್ತರ ಮನೆಯವರು ಹಿಂದೆ ಉಳಿಯಲಾದೀತೆ? ಅವ್ವ ತವರಿನ ಉಂಗುರ ಬಿಚ್ಚಿ ಕೊಟ್ಟಳು. ಸುಗ್ಗಿಗೆ ಇನ್ನೊಂದು ಮಾಡಿಸಿಕೊಟ್ಟರಾಯಿತೆಂದು ಅಪ್ಪ ಹೇಳಿದ್ದ. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ಆಜ್ಞೆ ಬಂತು. ಹೊಸ ಒಡವೆ 14 ಕ್ಯಾರೆಟ್ಟಿಗಿಂತ ಹೆಚ್ಚಿನದು ಮಾಡುವಂತಿಲ್ಲ. ಪತ್ತಾರರ ಕುಲುಮೆಗಳು ಆರಿದವು. ಅವ್ವನ ಉಂಗುರ ಬರಲೇ ಇಲ್ಲ. ಉಳಿದದ್ದು ಒಂದು ಜೊತೆ ಪಾಟಲಿ. ಅವು ಮಾತ್ರ ನಮ್ಮ ಮನೆಯ ಚರಿತ್ರೆಯುದ್ದಕ್ಕೂ ದುಡಿದವು. "ಪಾಟಲಿ ಹೋದವು" ಎಂದು ಒಂದು ಹಾಳೆಯಲ್ಲಿದ್ದರೆ, ಎರಡು ವರ್ಷ ದಾಟಿ ಇನ್ನೊಂದು ಹಾಳೆಯಲ್ಲಿ "ಪಾಟಲಿ ಬಂದವು" ಎಂದಿದೆ. ಒತ್ತಿ ಇಟ್ಟದ್ದು, ಬಿಡಿಸಿದ್ದು. ಕೊನೆಗೊಮ್ಮೆ ಹೋದವು, ಮತ್ತೆ ಬರಲಿಲ್ಲ. ಅದು ನನ್ನ ಬಿ.ಎಡ್. ವರ್ಷ.

1965 ಮತ್ತು 66ರ ವಹಿಗಳು ತೆಳ್ಳಗಿವೆ. ಮಳೆ ಸಾಲದ ವರ್ಷಗಳು. ಮೇಲೆ ಪಾಕಿಸ್ತಾನದ ಯುದ್ಧ. 1966ರಲ್ಲಿ ಹೊರದೇಶಗಳಿಂದ ಬಂದ ಧಾನ್ಯ ಒಂದು ಕೋಟಿ ಟನ್ನಿಗೂ ಹೆಚ್ಚು. ಅದರಲ್ಲಿ ಅಮೇರಿಕೆಯ ಗೋಧಿಯಷ್ಟೇ ಅಲ್ಲ, ಕೆಂಪು ಜೋಳವೂ ಇತ್ತು. ಬಿಳಿಜೋಳದ ನಾಡಿನ ಹೆಣ್ಣುಮಗಳಿಗೆ ಆ ಕೆಂಪು ಜೋಳ ದೊಡ್ಡ ಪರೀಕ್ಷೆ. ಎಷ್ಟು ನಾದಿದರೂ ಹಿಟ್ಟು ಜಿಗಿ ಬರುತ್ತಿರಲಿಲ್ಲ. ಬಡಿಯುತ್ತಿದ್ದಂತೆ ರೊಟ್ಟಿ ಅಂಚಿನಿಂದ ಹರಿಯುತ್ತಿತ್ತು. ಹರಿದ ರೊಟ್ಟಿ ಸೊಸೆಯ ತಾಟಿಗೆ ಎಂಬುದು ನಮ್ಮ ಕಡೆ ಬರೆಯದ ಕಾಯಿದೆ. ಆ ಎರಡು ವರ್ಷ ಅವ್ವ ಇಡೀ ರೊಟ್ಟಿ ಉಂಡಿರಲಾರಳು.

ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ಸಂಜೆ ಒಂದು ಊಟ ಬಿಡಿರೆಂದು ದೇಶಕ್ಕೆ ಕೇಳಿಕೊಂಡದ್ದು ಆಗಲೇ. ಅಪ್ಪ ಶಾಲೆಯಿಂದ ಬಂದು ಇದನ್ನು ದೊಡ್ಡ ದನಿಯಲ್ಲಿ ಸಾರಿದಾಗ ಅವ್ವ, "ನಾ ಶಿವನ ಹೆಸರಲೆ ಸೋಮಾರ ಒಪ್ಪತ್ತ ಮಾಡ್ಲಿಕ್ಕತ್ತು ನಾಕ ವರ್ಷ ಆತು. ಈಗ ಉಳದವ್ರೂ ಮಾಡ್ರಿ" ಎಂದಳಂತೆ. ಆ ವಾರದಿಂದ ಆಯಿಯೂ ಒಪ್ಪತ್ತು ಹಿಡಿದಳು. ಅತ್ತೆ ಸೊಸೆ ಒಂದೇ ಹೊತ್ತು ಹಸಿದು ಕೂತದ್ದರಿಂದಲೋ ಏನೋ, ಇಬ್ಬರೂ ಮಾತಾಡತೊಡಗಿದರು. ಅವ್ವನ ಪಾಲಿಗೆ ಆ ಬರಗಾಲದ ಲಾಭ ಇದೊಂದೇ.

ಇಲ್ಲಿಯವರೆಗೆ ಓದುತ್ತ ನಾನು ನಗುತ್ತಲೇ ಇದ್ದೆ. 1971ರ ವಹಿ ತೆರೆದಾಗ ನಗು ನಿಂತಿತು.

ಅಕ್ಕ 1963ರವಳು, ನಾನು 1968ರವಳು. ನನ್ನ ಹಿಂದೆ 1970ರ ದೀಪಾವಳಿಯ ಸುಮಾರಿಗೆ ಒಂದು ಗಂಡುಕೂಸು ಹುಟ್ಟಿತ್ತು. ನನಗೆ ಅವನ ನೆನಪಿಲ್ಲ. ಫೋಟೋ ತೆಗೆಸಿರಲಿಲ್ಲ. ಜನನ ಮರಣ ನೋಂದಣಿಯ ಕಾಯಿದೆ 1969ರಲ್ಲೇ ಆಗಿದ್ದರೂ ನಮ್ಮ ಮನೆಯಿಂದ ಯಾರೂ ಹೋಗಿ ಹೆಸರು ಬರೆಸಿರಲಿಲ್ಲ. ಅವ್ವನಿಗೆ ಎದೆಹಾಲು ಕಡಿಮೆಯಾಗಿ, ಕೂಸಿಗೆಂದು ಹೊರಗಿನ ಹಾಲು ಹಚ್ಚಿದ್ದರು. ಕಿಲೋ ಲೀಟರು ಬಂದು ಹತ್ತು ವರ್ಷವಾಗುತ್ತ ಬಂದಿದ್ದರೂ ಅವ್ವನ ಅಳತೆ ಸೇರೇ. ದಿನದಿನವೂ ಒಂದು ಸಾಲು: "ಹಾಲು ಪಾವಸೇರು". ತಿಂಗಳುಗಟ್ಟಲೆ ಅದೇ ಸಾಲು. ಶ್ರಾವಣದ ಒಂದು ಸೋಮವಾರ ಆ ಜಾಗದಲ್ಲಿ, "ಗೌಳಿಗೆ ಹಾಲು ಸಾಕು ಅಂತ ಹೇಳಿದೆ" ಎಂದಿದೆ. ನನ್ನ ತಮ್ಮ ಈ ಭೂಮಿಯ ಮೇಲೆ ಹತ್ತು ತಿಂಗಳು ಇದ್ದನೆಂಬುದಕ್ಕೆ ಇರುವ ದಾಖಲೆ ಇಷ್ಟೇ. ಮೂರು ದಿನ ಹಾಳೆ ಖಾಲಿ. ನಾಲ್ಕನೆಯ ದಿನ ಚಹಾಪುಡಿ, ಚಿಮಣಿ ಎಣ್ಣೆ, ಅಕ್ಕನಿಗೆ ಪಾಟಿ.

ಅದೇ ವಹಿಯ ಕೊನೆಯ ಹಾಳೆಗಳಲ್ಲಿ ಇನ್ನೊಂದು ಸಾಲು ಬರುತ್ತದೆ: "ತವರಿಗೆ ಕಾಗದ, ನಿರಾಶ್ರಿತರ ತಿಕೀಟು 5 ಪೈಸೆ". ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನ ನಮ್ಮ ದೇಶಕ್ಕೆ ಓಡಿ ಬಂದಿದ್ದರು. ಅವರ ನೆರವಿಗೆಂದು 1971ರ ನವೆಂಬರ್ 15ರಿಂದ ಕಾಗದದ ಮೇಲೆ ಐದು ಪೈಸೆಯ ಇನ್ನೊಂದು ತಿಕೀಟು ಹಚ್ಚಬೇಕಾಗಿತ್ತು. ಮಗನನ್ನು ಕಳಕೊಂಡ ಆ ವರ್ಷದ ಕೊನೆಗೆ ತವರಿಗೆ ಬರೆದ ಕಾಗದಗಳೆಲ್ಲ ಆ ಐದು ಪೈಸೆ ಹೊತ್ತುಕೊಂಡೇ ಹೋದವು.

1972ರಲ್ಲಿ ಮತ್ತೆ ಬರ. ಊರ ಹೆಣ್ಣುಮಕ್ಕಳು ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದರು. ಮಾಸ್ತರ ಹೆಂಡತಿಗೆ ಅದೂ ಇಲ್ಲ, ಮರ್ಯಾದೆ ಅಡ್ಡ. ಅವ್ವ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಕಾಳಿಗೆ ಕೊಟ್ಟಳು. ರಾತ್ರಿ ಕಂದೀಲಿನ ಮುಂದೆ ಸೂಜಿ ಹಿಡಿದು ಕೂತ ಅವಳನ್ನು ನಾನು ಬಲ್ಲೆ, ಅದೇ ನನ್ನ ಮೊದಲ ನೆನಪು. ದುಡಿಮೆಯೆಂದೇ ತಿಳಿದಿದ್ದೆ. ನಿದ್ದೆ ಬಾರದ್ದಕ್ಕೂ ಹೊಲಿಯುತ್ತಿದ್ದಳೆಂದು ತಿಳಿಯಲು ನಾನೇ ತಾಯಿಯಾಗಬೇಕಾಯಿತು.

1994ರ ಬೇಸಿಗೆ. ನನ್ನ ಮಗನಿಗೆ ಒಂದು ವರ್ಷ. ವಾಂತಿಭೇದಿ ಹತ್ತಿ ಎರಡೇ ತಾಸಿನಲ್ಲಿ ಕಣ್ಣು ಒಳಗೆ ಹೋದವು. ಆರೋಗ್ಯ ಕೇಂದ್ರದ ನರ್ಸಬಾಯಿ ಕೊಟ್ಟ ಪುಡಿಯ ಪಾಕೀಟನ್ನು ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಕಲಸಿ, ಚಮಚದಿಂದ ಸ್ವಲ್ಪ ಸ್ವಲ್ಪ ಕುಡಿಸುತ್ತ ಕೂತೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕೈ ನಡುಗುತ್ತಿತ್ತು.

"ಕುಡಸಬ್ಯಾಡ ತಂಗೀ, ಕುಡಸಿದಷ್ಟೂ ಹೋಗ್ತದ" ಎಂದಳು.

"ಇಲ್ಲವ್ವಾ, ಹೋದದ್ದನ್ನ ತುಂಬಬೇಕು" ಎಂದೆ.

ಬೆಳಗಿನ ಜಾವಕ್ಕೆ ಮಗ ಉಚ್ಚೆ ಹೊಯ್ದ, ಅತ್ತ, ಎದೆಗೆ ಬಂದ. ಆಗ ಅವ್ವ ಇಪ್ಪತ್ತಮೂರು ವರ್ಷ ಬಾಯಿ ಬಿಡದ ಮಾತನ್ನು ಹೇಳಿದಳು. ಆ ಶ್ರಾವಣದಲ್ಲಿ ಕೂಸಿಗೆ ಹೀಗೇ ಆದಾಗ, ಹನಿ ನೀರೂ ಕೊಡಬಾರದೆಂದು ಆಯಿ ಕಟ್ಟು ಮಾಡಿದ್ದಳು. ಆಯಿ ಕೆಟ್ಟವಳಲ್ಲ. ಒಳಗೆ ಹೋದದ್ದೆಲ್ಲ ಹೊರಗೆ ಬರುವುದು ಕಣ್ಣಿಗೇ ಕಾಣುತ್ತಿತ್ತು. ಭೇದಿಯಲ್ಲಿ ಕರುಳಿಗೆ ವಿಶ್ರಾಂತಿ ಕೊಡಬೇಕೆಂಬ ಎಣಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಕೂಸು ನಾಲಿಗೆ ಹೊರಚಾಚುವುದನ್ನು ನೋಡಲಾರದೆ ಅವ್ವ ಮಧ್ಯರಾತ್ರಿ ಎದ್ದು ಬೆಲ್ಲದ ನೀರು ಕದ್ದು ಕುಡಿಸಿದಳು, ಆರೇಳು ಚಮಚ. ಬೆಳಿಗ್ಗೆ ಕೂಸು ಇರಲಿಲ್ಲ.

"ನನ್ನ ಕೈಯಾರೆ ಕೊಂದೆ" ಎಂದಳು. ನೀರು ಕುಡಿಸಿದ್ದೇ ಸರಿ ಎಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. "ನೀ ಕಲಿತಾಕಿ. ನನ್ನ ಸಮಾಧಾನಕ್ಕ ಹೇಳ್ತಿ" ಎಂದು ಎದ್ದು ಹೋಗಿ ಒಲೆ ಹೊತ್ತಿಸಿದಳು.

ಆ ಮಾತು ಅಲ್ಲಿಗೇ ನಿಂತಿತು. ಮತ್ತೆ ಎದ್ದದ್ದು 2022ರ ಅಕ್ಟೋಬರಿನಲ್ಲಿ. ಕೋಲ್ಕತ್ತೆಯ ಡಾಕ್ಟರ್ ದಿಲೀಪ್ ಮಹಲನೋಬಿಸ್ ತೀರಿಕೊಂಡರೆಂದು ಪತ್ರಿಕೆಯಲ್ಲಿ ಬಂದಿತ್ತು. ಅವ್ವನ ಕಣ್ಣು ಮಂಜಾಗಿತ್ತು, ನಾನೇ ಓದಿ ಹೇಳುತ್ತಿದ್ದೆ. 1971ರ ಮಳೆಗಾಲದಲ್ಲಿ ಗಡಿಯ ಹತ್ತಿರದ ಬನಗಾಂವ್ ಎಂಬಲ್ಲಿ ನಿರಾಶ್ರಿತರಿಗೆ ಕಾಲರಾ ಬಂತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಏರಿಸುವ ಸಲಾಯಿನ್ ಬಾಟಲಿಗಳು ಮುಗಿಯತೊಡಗಿದವು. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆಂದು ವಿಜ್ಞಾನಿಗಳು ಆ ಮೊದಲೇ ಕಂಡುಕೊಂಡಿದ್ದರು. ಆದರೆ ಡಾಕ್ಟರರ ಕಾವಲಿಲ್ಲದೆ, ಸಾಮಾನ್ಯರ ಕೈಯಲ್ಲಿ ಅದು ನಡೆದೀತೆಂಬ ನಂಬಿಕೆ ಇರಲಿಲ್ಲ. ಮಹಲನೋಬಿಸ್ ಗ್ಲೂಕೋಸು, ಅಡುಗೆ ಉಪ್ಪು, ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ತಾಯಂದಿರು, ಅಕ್ಕಂದಿರು ಲೋಟ ಹಿಡಿದು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಮುಂದೆ ಜಗತ್ತೇ ಇದನ್ನು ಒಪ್ಪಿತು. 1980ರಿಂದ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಕಲಿಸಿದ್ದು ಇನ್ನೂ ಸರಳ: ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರು. ನಮ್ಮ ದೇಶದಲ್ಲಿ ಇದರ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1985-86ರಲ್ಲಿ. ಹದಿನಾಲ್ಕು ವರ್ಷ ತಡ.

ಅವ್ವ ಒಂದೇ ಪ್ರಶ್ನೆ ಕೇಳಿದಳು, "ಯಾವ ವರ್ಷ ಅಂದಿ?"

"ಎಪ್ಪತ್ತೊಂದು."

"ಬೆಲ್ಲದ ನೀರ ಅಂತ ಪೇಪರದಾಗ ಬರದದ ಏನು?"

ಪತ್ರಿಕೆಯಲ್ಲಿ ಬೆಲ್ಲದ ಮಾತಿರಲಿಲ್ಲ. ಅದು ನಾನು ಓದಿ ತಿಳಿದದ್ದು. "ಹೂಂ, ಬರದದ" ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಹೇಳಿದ ಒಂದು ಸುಳ್ಳು ಪಾಠ ಅದು. ಉಪ್ಪಿಲ್ಲದ ಆರೇಳು ಚಮಚ ಬೆಲ್ಲದ ನೀರಿನಿಂದ ಕೂಸು ಉಳಿಯುತ್ತಿರಲಿಲ್ಲ. ಆದರೆ ಆ ನೀರು ಅವನನ್ನು ಕೊಲ್ಲಲೂ ಇಲ್ಲ. ಅವಳ ಕೈ ಸರಿಯಾದ ದಾರಿಯನ್ನೇ ಹಿಡಿದಿತ್ತು.

ಬಹಳ ಹೊತ್ತು ಗೋಡೆ ನೋಡುತ್ತ ಕೂತಿದ್ದಳು. ಹಗುರಾಗುತ್ತಾಳೆಂದು ನಾನು ಕಾದೆ. ಕೊನೆಗೆ ಹೇಳಿದಳು, "ಹಂಗಾದ್ರ ಇನ್ನಷ್ಟು ಕುಡಸಬೇಕಿತ್ತಲ್ಲ ತಂಗೀ. ಹೆದರಿ ಬಿಟ್ಟೆ."

ಒಂದು ದುಃಖ ಇಳಿಸಿ ಇನ್ನೊಂದು ಹೊರಿಸಿದೆನೇ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಆದರೆ ಆ ದಿನದ ಮೇಲೆ ಅವಳು "ಕೊಂದೆ" ಎಂಬ ಮಾತನ್ನು ಆಡಲಿಲ್ಲ. ಮರುದಿನ, ಐವತ್ತೊಂದು ವರ್ಷದ ಮೇಲೆ ಮೊದಲ ಸಲ, ಅವನನ್ನು ಹೆಸರು ಹಿಡಿದು ಕರೆದಳು. ಆ ಹೆಸರನ್ನು ನಾನು ಕೇಳಿದ್ದೂ ಅದೇ ಮೊದಲು. 2023ರ ಸಂಕ್ರಾಂತಿ ಮುಗಿದ ವಾರದಲ್ಲಿ ಅವ್ವ ಹೋದಳು. ಅದೇ ತಿಂಗಳ ಕೊನೆಗೆ ಆ ಡಾಕ್ಟರರಿಗೆ ಮರಣೋತ್ತರ ಪದ್ಮವಿಭೂಷಣ ಪ್ರಕಟವಾಯಿತು. ಓದಿ ಹೇಳಲು ಅವ್ವ ಇರಲಿಲ್ಲ.

1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಹೋದವು. 2020ಕ್ಕೆ ಅದು 28ಕ್ಕೆ ಇಳಿದಿದೆ. ಇಂಥ ಅಂಕಿಗಳನ್ನು ಹಲಗೆಯ ಮೇಲೆ ನಾನೇ ಎಷ್ಟು ಸಲ ಬರೆದಿದ್ದೇನೆ! ಆ 129ರ ಒಳಗೆ ನನ್ನ ತಮ್ಮನಿದ್ದಾನೆಂದು ಹೊಳೆದಿರಲಿಲ್ಲ. ಈಗ 1971ರ ಪಾಠಕ್ಕೆ ಬಂದಾಗ ಡಾಕಾದ ಶರಣಾಗತಿಯನ್ನು ಹೇಳಿ ಮುಗಿಸಿ, ಮಕ್ಕಳ ಕೈಯಿಂದ ಒಂದು ಲೋಟ ಉಪ್ಪು ಸಕ್ಕರೆಯ ನೀರು ಮಾಡಿಸುತ್ತೇನೆ. ಇದು ಇತಿಹಾಸವೋ ವಿಜ್ಞಾನವೋ ಎಂದು ಒಬ್ಬ ಹುಡುಗ ಕೇಳಿದ. "ಲೆಕ್ಕ" ಎಂದೆ. ಅವನಿಗೆ ತಿಳಿಯಲಿಲ್ಲ. ಅವ್ವನ ವಹಿ ತೋರಿಸಿದೆ.