ಸಾಲಕ್ಕೆ ಹೊಣೆ ನಿಂತವರು: ಕಣಗಿನಹಾಳದ ನೆನಪು, ಹಿಪ್ಪರಗಿಯ ವರ್ತಮಾನ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹಿಪ್ಪರಗಿ ಬ್ಯಾರೇಜಿನಿಂದ ಅಷ್ಟೇನೂ ದೂರವಿಲ್ಲದ ಒಂದು ನೇಕಾರರ ಮನೆಯಲ್ಲಿ ಅರ್ಧ ದಿನ ಕುಳಿತಿದ್ದೆ. 2019ರ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರ ಆ ಮನೆಯೊಳಗೂ ನುಗ್ಗಿ, ಎರಡು ಮಗ್ಗಗಳು ಕೆಸರಿನಲ್ಲಿ ಹೂತಿದ್ದವು. ಮಗ್ಗ ಎತ್ತಿ ನಿಲ್ಲಿಸಲು ತೆಗೆದ ಮೊದಲ ಸಾಲವನ್ನು ತೀರಿಸಲು ಎರಡನೆಯದು, ಅದರ ಕಂತಿಗೆ ಮೂರನೆಯದು. ಹೀಗೆ ಬೆಳೆದ ಕಥೆಯನ್ನು ಮನೆಯೊಡತಿ ನೆಲದ ಮೇಲೆ ಮೂರು ಪಾಸ್‌ಬುಕ್ಕುಗಳನ್ನು ಹರಡಿ ಹೇಳಿದರು. ನನ್ನನ್ನು ಯೋಚನೆಗೆ ಹಚ್ಚಿದ್ದು ಮೊತ್ತವಲ್ಲ, ಅವರ ಒಂದು ಮಾತು. “ಸಾಲಕ್ಕ ಅಂಜೂದಿಲ್ರಿ ಫಾದರ್. ವಾರದ ಮೀಟಿಂಗಿಗೆ ಅಂಜತೀನ್ರಿ. ನಾ ಕಟ್ಟದಿದ್ರ ಉಳದ ಒಂಬತ್ತ ಮಂದಿ ಹೆಣ್ಣಮಕ್ಕಳು ನನ್ನ ಮನಿ ಮುಂದ ಬಂದು ಕುಂದರತಾರ.” ಆ ಒಂಬತ್ತು ಮಂದಿ ಅವರ ನೆರೆಯವರೇ, ಒಂದೇ ಓಣಿಯವರು. ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಎಂದು ಸಹಿ ಹಾಕಿದವರು.

ಎಲ್ಲರೂ ಎಲ್ಲರಿಗೆ ಹೊಣೆ ಎಂಬ ಈ ಏರ್ಪಾಡು ಹಣಕಾಸು ಕಂಪನಿಗಳ ಶೋಧವಲ್ಲ. ಅದಕ್ಕೊಂದು ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಧರ್ಮಸಭೆಗೂ ನಮ್ಮ ಉತ್ತರ ಕರ್ನಾಟಕಕ್ಕೂ ಸ್ಥಾನವಿದೆ. ಸಾಲದಲ್ಲಿ ಮುಳುಗಿದವನನ್ನು ಮೇಲೆತ್ತಲು ಹುಟ್ಟಿದ ಸಾಧನವೇ ಅವನನ್ನು ಅದುಮುವ ಸಾಧನವಾದದ್ದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ.

ಮೊದಲು ನಮ್ಮ ಸೀಮೆಯನ್ನೇ ನೋಡೋಣ. ಇಂದಿನ ಬಾಗಲಕೋಟೆ ಜಿಲ್ಲೆಯ ಬಹುಭಾಗ ಬ್ರಿಟಿಷರ ಕಾಲದಲ್ಲಿ ಕಲಾದಗಿ ಜಿಲ್ಲೆ, ಮುಂದೆ ವಿಜಾಪುರ ಜಿಲ್ಲೆ ಎನಿಸಿತ್ತು; ಪಶ್ಚಿಮದ ಅಂಚು ಜಮಖಂಡಿ, ಮುಧೋಳ, ಸಾಂಗ್ಲಿ ಸಂಸ್ಥಾನಗಳಲ್ಲಿ ಹಂಚಿಹೋಗಿತ್ತು. 1876–78ರ ಬರ ಈ ನೆಲವನ್ನು ಎಷ್ಟು ಬರಿದು ಮಾಡಿತೆಂದರೆ, 1872ರ ಗಣತಿಯಲ್ಲಿ ಎಂಟು ಲಕ್ಷ ಮೀರಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಬದುಕುಳಿದವರು ಬಿತ್ತನೆಯ ಬೀಜಕ್ಕೂ ಎತ್ತಿಗೂ ಸಾವುಕಾರರ ಕಟ್ಟೆ ಹತ್ತಬೇಕಾಯಿತು. ಅದಕ್ಕೆ ಸ್ವಲ್ಪ ಮೊದಲೇ, 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಅವರು ಹೆಚ್ಚಾಗಿ ಮನುಷ್ಯರ ಮೇಲೆ ಕೈಮಾಡಲಿಲ್ಲ. ಅವರಿಗೆ ಬೇಕಾಗಿದ್ದುದು ಕಾಗದ. ಓದಲು ಬಾರದವನಿಗೆ ಕಾಗದವೇ ಸಂಕೋಲೆ ಎಂಬುದನ್ನು ಆ ಬೆಂಕಿ ಯಾವ ವರದಿಗಿಂತಲೂ ಸ್ಪಷ್ಟವಾಗಿ ಹೇಳಿತು.

ಸರ್ಕಾರದ ಉತ್ತರ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಸೀಮಿತವಾಗಿದ್ದ ಅದು ಮುಂದೆ ಮುಂಬಯಿ ಪ್ರಾಂತ್ಯದ ಇತರ ಭಾಗಗಳಿಗೂ ವಿಸ್ತರಿಸಿತು. ಪತ್ರದಲ್ಲಿ ಏನು ಬರೆದಿದ್ದರೂ ನ್ಯಾಯಾಧೀಶನು ಅದರ ಹಿಂದೆ ಹೋಗಿ, ನಿಜವಾಗಿ ಕೈಬದಲಾದ ಅಸಲೆಷ್ಟು, ಏರಿದ ಬಡ್ಡಿಯೆಷ್ಟು ಎಂದು ಲೆಕ್ಕ ತೆಗೆಯಬೇಕು. ಸಾಲಕ್ಕಾಗಿ ಕೃಷಿಕನನ್ನು ಸೆರೆಮನೆಗೆ ಹಾಕಬಾರದು. ವ್ಯಾಜ್ಯಕ್ಕೆ ಮೊದಲು ಸಂಧಾನಕಾರರ ಮುಂದೆ ಎರಡೂ ಕಡೆಯವರು ಕೂರಬೇಕು. ಒಳ್ಳೆಯ ಕಾಯಿದೆಯೇ. ಆದರೆ ಸಾವುಕಾರನೂ ಸುಮ್ಮನಿರಲಿಲ್ಲ. ಅಡವು ಪತ್ರವನ್ನು ನ್ಯಾಯಾಲಯ ಕೆದಕುತ್ತದೆಯೆಂದು ತಿಳಿದ ಮೇಲೆ ಅವನು ಭೂಮಿಯ ಖರೀದಿ ಪತ್ರವನ್ನೇ ಬರೆಸಿಕೊಳ್ಳತೊಡಗಿದ. ಹೊರನೋಟಕ್ಕೆ ಮಾರಾಟ, ಒಳಗೆ ಸಾಲ. ಕೊನೆಗೆ ಆ ವೇಷವನ್ನೂ ಕಳಚುವ ಅಧಿಕಾರವನ್ನು ತಿದ್ದುಪಡಿಯ ಮೂಲಕ ನ್ಯಾಯಾಲಯಗಳಿಗೆ ಕೊಡಬೇಕಾಯಿತು.

ಹಳೆಯ ಒಡಂಬಡಿಕೆ ಓದಿದವರಿಗೆ ಈ ಆಟ ಹೊಸದಲ್ಲ. ಧರ್ಮೋಪದೇಶಕಾಂಡದ 15ನೇ ಅಧ್ಯಾಯ ಏಳನೇ ವರ್ಷದಲ್ಲಿ ಸಾಲ ಬಿಡಬೇಕೆಂದು ವಿಧಿಸುವಾಗಲೇ, ಆ ವರ್ಷ ಸಮೀಪಿಸಿತೆಂದು ಬಡವನಿಗೆ ಕೈಬಿಗಿಯುವ ಮನಸ್ಸಿನ ವಿರುದ್ಧ ಎಚ್ಚರಿಸುತ್ತದೆ. ಶಾಸನಕಾರನಿಗೆ ಮನುಷ್ಯನ ಪರಿಚಯವಿತ್ತು. ಕ್ರಿಸ್ತಪೂರ್ವ ಒಂದನೇ ಶತಮಾನದ ಕೊನೆಯ ಹೊತ್ತಿಗೆ ರಬ್ಬಿ ಹಿಲ್ಲೇಲರು ‘ಪ್ರೊಸ್ಬುಲ್’ ಎಂಬ ಘೋಷಣಾಪತ್ರವನ್ನು ಏರ್ಪಡಿಸಬೇಕಾಯಿತು: ಸಾಲವನ್ನು ನ್ಯಾಯಸ್ಥಾನದ ವಶಕ್ಕೆ ಒಪ್ಪಿಸಿದರೆ ಏಳನೇ ವರ್ಷದಲ್ಲಿ ಅದು ರದ್ದಾಗುವುದಿಲ್ಲ. ಇದನ್ನು ಕೇವಲ ನುಸುಳುದಾರಿ ಎಂದು ಹಳಿಯುವುದು ನಮ್ಮ ತರಗತಿಗಳ ಅಭ್ಯಾಸ. ಆದರೆ ಹಾಗೆ ಮಾಡದಿದ್ದರೆ ಬಡವನಿಗೆ ಸಾಲವೇ ಸಿಗುತ್ತಿರಲಿಲ್ಲ ಎಂಬುದು ಹಿಲ್ಲೇಲರ ಆತಂಕವಾಗಿತ್ತು. ಮನ್ನಾ ಒಂದು ಬಾಗಿಲನ್ನು ತೆರೆದಾಗ ಇನ್ನೊಂದು ಮುಚ್ಚಿಕೊಳ್ಳಬಹುದು. ನಾಳೆ ಬೆಳಿಗ್ಗೆ ಬೀಜ ಬೇಕಾದವನು ಯಾರ ಬಳಿಗೆ ಹೋಗಬೇಕು?

ಈ ಪ್ರಶ್ನೆಗೆ ಉತ್ತರ ಕೊಡಲು ಹೊರಟವರಲ್ಲಿ ಫ್ರಾನ್ಸಿಸ್ಕನ್ನರು ಪ್ರಮುಖರು. 1462ರಲ್ಲಿ ಇಟಲಿಯ ಪೆರೂಜಾದಲ್ಲಿ ಅವರ ಪ್ರೇರಣೆಯಿಂದ ‘ಮೋಂತೆ ದಿ ಪಿಯೆತಾ’, ಎಂದರೆ ಕರುಣೆಯ ನಿಧಿ, ಆರಂಭವಾಯಿತು. ಒತ್ತೆಯಿಟ್ಟ ವಸ್ತುವಿನ ಮೇಲೆ ಬಡವರಿಗೆ ಚಿಕ್ಕ ಸಾಲ, ನೌಕರರ ಸಂಬಳಕ್ಕೂ ನಿರ್ವಹಣೆಗೂ ಸಾಲುವಷ್ಟೇ ಅಲ್ಪ ಬಡ್ಡಿ. ಆ ಅಲ್ಪ ಬಡ್ಡಿಯೂ ಪಾಪವೇ ಎಂದು ಡೊಮಿನಿಕನ್ ಪಂಡಿತರು ಅರ್ಧ ಶತಮಾನ ವಾದಿಸಿದರು. 1515ರಲ್ಲಿ ಐದನೇ ಲಾತೆರಾನ್ ಮಹಾಸಭೆಯಲ್ಲಿ ಹತ್ತನೇ ಲಿಯೋ ಜಗದ್ಗುರುಗಳು ಈ ನಿಧಿಗಳ ಪರವಾಗಿ ತೀರ್ಪಿತ್ತರು. ಇಷ್ಟನ್ನು ಹೇಳಿ ಹೆಮ್ಮೆಪಟ್ಟು ಮುಂದೆ ಹೋಗುವುದು ಸುಲಭ. ಆದರೆ ಆ ನಿಧಿಗಳಿಗಾಗಿ ಊರೂರು ಸುತ್ತಿದ ಫೆಲ್ತ್ರೆಯ ಬರ್ನರ್ದಿನ್ ಮುಂತಾದವರ ಪ್ರವಚನಗಳಲ್ಲಿ ಯೆಹೂದಿ ದ್ವೇಷ ಧಾರಾಳವಾಗಿತ್ತು. ಅದರ ಫಲವನ್ನು ಯೆಹೂದಿ ಕುಟುಂಬಗಳು ರಕ್ತದಲ್ಲಿ ಅನುಭವಿಸಿದವು. ಸಾಲಗಾರನ ಮೇಲಿನ ಕನಿಕರ ಸಾಲಕೊಟ್ಟವನ ಜಾತಿಯ ಮೇಲಿನ ಹಗೆಯಾಗಿ ತಿರುಗುವುದು ಎಷ್ಟು ಸಲೀಸು ಎಂಬುದಕ್ಕೆ ನಮ್ಮ ಮನೆಯ ಸಾಕ್ಷಿಯೇ ಸಾಕು. 1875ರ ದಖ್ಖನ್ನಿನಲ್ಲಿಯೂ ಸಿಟ್ಟು ಗುರಿಯಿಟ್ಟದ್ದು ಹೊರಗಿನಿಂದ ಬಂದ ಮಾರವಾಡಿ, ಗುಜರಾತಿ ಸಾವುಕಾರರ ಮೇಲೆ.

ಮೋಂತೆಗೆ ಇನ್ನೊಂದು ಮಿತಿಯಿತ್ತು. ಒತ್ತೆಯಿಡಲು ಏನೂ ಇಲ್ಲದವನಿಗೆ ಅಲ್ಲಿ ಜಾಗವಿರಲಿಲ್ಲ. ಈ ಗಂಟನ್ನು ಬಿಚ್ಚಿದವರು ಗುರುಗಳಲ್ಲ, ಜರ್ಮನಿಯ ಒಬ್ಬ ಪ್ರೊಟೆಸ್ಟೆಂಟ್ ಗೃಹಸ್ಥ, ಹಳ್ಳಿಗಳ ಆಡಳಿತಾಧಿಕಾರಿ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಜೆನ್. 1846–47ರ ಹಸಿವಿನ ಚಳಿಗಾಲದಲ್ಲಿ ಅವರು ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಿದರು. ಉಳ್ಳವರ ದಯೆಯ ಮೇಲೆ ನಿಂತ ಸಂಘಗಳು ಆ ದಯೆ ಆರಿದೊಡನೆ ಆರುತ್ತವೆ ಎಂಬುದನ್ನು ಮುಂದಿನ ವರ್ಷಗಳಲ್ಲಿ ಕಂಡುಕೊಂಡರು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಕಟ್ಟಿದ ಸಂಘದಲ್ಲಿ ಸಾಲ ಪಡೆಯುವವರೇ ಸದಸ್ಯರು, ಎಲ್ಲರ ಆಸ್ತಿಯೂ ಎಲ್ಲರ ಸಾಲಕ್ಕೆ ಮಿತಿಯಿಲ್ಲದೆ ಹೊಣೆ. ಸಂಘದ ವ್ಯಾಪ್ತಿ ಒಂದು ಧರ್ಮಕೇಂದ್ರದಷ್ಟೇ ಇರಬೇಕೆಂಬುದು ಅವರ ಆಗ್ರಹ. ಗುರುತಿಲ್ಲದವನಿಗೆ ಹೊಣೆ ನಿಲ್ಲುವುದು ಮೂರ್ಖತನ. ಪ್ರತಿ ಭಾನುವಾರ ಒಂದೇ ಪೀಠದ ಮುಂದೆ ಸೇರುವವನಿಗೆ ನಿಲ್ಲುವುದು ಬೇರೆ ಮಾತು.

ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯೂರೋಪಿನ ಇಂಥ ಸಂಘಗಳನ್ನು ಅಧ್ಯಯನ ಮಾಡಿ, 1895 ಮತ್ತು 1897ರಲ್ಲಿ ವರದಿ ಕೊಟ್ಟರು. ಅದರ ಬೆಳಕಿನಲ್ಲಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಗ್ರಾಮೀಣ ಸಂಘಗಳಿಗೆ ರೈಫೈಜೆನ್ನರ ಅಪರಿಮಿತ ಹೊಣೆಯ ನಿಯಮವೇ ಅನ್ವಯವಾಯಿತು. ಮರುವರ್ಷ, 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಸ್ಥಾಪಿಸಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಅದನ್ನು ಇಂದಿಗೂ ಸ್ಮರಿಸಲಾಗುತ್ತದೆ. ಊರಿನಲ್ಲಿ ಗೌಡಿಕೆಯ ಘನತೆಯುಳ್ಳ ಒಬ್ಬ ಮನುಷ್ಯ, ತನ್ನ ಹೊಲವೂ ನೆರೆಯವನ ಸಾಲಕ್ಕೆ ಹೊಣೆಯಾಗುವ ಪತ್ರಕ್ಕೆ ಮುಂದಾಗಿ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ. ಸಾಲದಲ್ಲಿದ್ದವನು ಏನನ್ನು ಕಳೆದುಕೊಳ್ಳಬಹುದಿತ್ತೋ ಅದನ್ನು ಗೌಡನೂ ಕಳೆದುಕೊಳ್ಳಬಹುದಿತ್ತು.

ಈ ಮಾದರಿಯನ್ನು ಕಥೋಲಿಕ ಗುರುವೊಬ್ಬರು ಕೈಗೆತ್ತಿಕೊಂಡದ್ದು ರಾಂಚಿಯಲ್ಲಿ. ಮುಂಡಾ ಭಾಷೆಯ ಮಹಾಪಂಡಿತರೂ ಆಗಿದ್ದ ಯೇಸುಸಭೆಯ ಜೋಹಾನ್ ಹಾಫ್‌ಮನ್ 1909ರಲ್ಲಿ ಛೋಟಾನಾಗಪುರ ಕಥೋಲಿಕ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಬಡ್ಡಿಗೆ ಹೊಲ ಕಳೆದುಕೊಳ್ಳುತ್ತಿದ್ದ ಆದಿವಾಸಿಗಳಿಗೆ ಅದು ಆಸರೆಯಾಯಿತು. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಹಾಫ್‌ಮನ್ನರನ್ನು 1915ರಲ್ಲಿ ದೇಶದಿಂದ ಕಳುಹಿಸಲಾಯಿತು, ಸಂಘ ಉಳಿಯಿತು. ಗುರುವಿಲ್ಲದೆಯೂ ನಡೆಯುವಂತೆ ಅದನ್ನು ಕಟ್ಟಿದ್ದರು ಎಂಬುದು, ನಾವು ಆರಂಭಿಸಿದ ಎಷ್ಟೋ ಯೋಜನೆಗಳು ನಮ್ಮ ವರ್ಗಾವಣೆಯೊಡನೆ ಮುಗಿಯುವುದನ್ನು ಕಂಡಿರುವ ನನಗೆ, ಅವರ ನಿಘಂಟಿಗಿಂತ ದೊಡ್ಡ ಸಾಧನೆಯಾಗಿ ತೋರುತ್ತದೆ.

ನಂತರದ ದಶಕಗಳಲ್ಲಿ ಮುಂಬಯಿ ಪ್ರಾಂತ್ಯದ 1939ರ ಕಾಯಿದೆ ಕೃಷಿಕರ ಸಾಲ ಹೊಂದಾಣಿಕೆ ಮಂಡಲಿಗಳನ್ನು ತಂದಿತು; ಕರ್ನಾಟಕದ 1976ರ ಋಣಪರಿಹಾರ ಕಾಯಿದೆ ಸಣ್ಣ ರೈತರ, ಭೂಹೀನರ, ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ರದ್ದುಗೊಳಿಸಿತು; 2018ರ ಹೆಸರಿನಲ್ಲಿರುವ ಇನ್ನೊಂದು ಋಣಪರಿಹಾರ ಕಾಯಿದೆ 2019ರ ಜುಲೈನಲ್ಲಿ ಜಾರಿಗೆ ಬಂದಿತು. ಸಹಕಾರಿ ಸಂಘಗಳು ಬೆಳೆದು, ಸಾಲ ಪಡೆಯುವವನಿಗೂ ಪುಸ್ತಕ ಬರೆಯುವವನಿಗೂ ನಡುವೆ ಕಚೇರಿ, ಕಾರ್ಯದರ್ಶಿ, ಪಕ್ಷ ಬಂದವು. ಆಗ ಚಿಕ್ಕ ಗುಂಪಿನ ಗುಣವನ್ನು ಮತ್ತೆ ಹುಡುಕಿದ್ದೂ ಕರ್ನಾಟಕವೇ. 1980ರ ದಶಕದ ಮಧ್ಯದಲ್ಲಿ ಮೈರಾಡ ಸಂಸ್ಥೆಯ ಕ್ಷೇತ್ರಗಳಲ್ಲಿ ದೊಡ್ಡ ಸಂಘಗಳು ಒಡೆದು ಹುಟ್ಟಿದ ಪುಟ್ಟ ಗುಂಪುಗಳು, 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸಲು ಹಮ್ಮಿಕೊಂಡ ಪ್ರಯೋಗಕ್ಕೆ ದಾರಿ ಮಾಡಿದವು. ಅಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಹಣ ಗುಂಪಿನದು, ತೀರ್ಮಾನವೂ ಗುಂಪಿನದು.

ಹಿಪ್ಪರಗಿಯ ಆ ತಾಯಿ ಅಂಜುವ ಮೀಟಿಂಗು ಹೊರನೋಟಕ್ಕೆ ಇದೇ ವಂಶದ್ದು. ಹತ್ತು ಮಂದಿ ಹೆಣ್ಣುಮಕ್ಕಳು, ವಾರದ ಸಭೆ, ಪರಸ್ಪರ ಹೊಣೆ. ಆದರೆ ಹಣ ಅವರದಲ್ಲ, ಬಡ್ಡಿಯ ದರ ಅವರು ಗೊತ್ತುಮಾಡಿದ್ದಲ್ಲ, ಪುಸ್ತಕ ಅವರ ಕೈಯಲ್ಲಿಲ್ಲ. ಕಣಗಿನಹಾಳದಲ್ಲಿ ಹೊಣೆ ನಿಂತವನು ಸಾಲಗಾರನ ಪಕ್ಕದಲ್ಲಿ ಕುಳಿತಿದ್ದ. ಇಲ್ಲಿ ಅವನನ್ನು ಬಾಗಿಲ ಮುಂದೆ ಕೂರಿಸಲಾಗಿದೆ. ಮಗಳು ಬಾಣಂತಿಯಾಗಿದ್ದರೂ ಕಂತು ಬಂದೇ ಬರಬೇಕೆಂದು ಕೂರುವ ನೆರೆಯಾಕೆಗೂ ಮನೆಯಲ್ಲಿ ಅಂಥದೇ ಪಾಸ್‌ಬುಕ್ಕಿದೆ. ಅವಳೂ ಬಂದಿಯೇ.

ಸಿರಾಖನ ಗ್ರಂಥದ 29ನೇ ಅಧ್ಯಾಯ ಈ ವಿಷಯದಲ್ಲಿ ನಮ್ಮ ಪವಿತ್ರಗ್ರಂಥದ ಅತ್ಯಂತ ಪ್ರಾಮಾಣಿಕ ಪುಟ. ಒಳ್ಳೆಯವನು ನೆರೆಯವನಿಗೆ ಹೊಣೆ ನಿಲ್ಲುತ್ತಾನೆ ಎನ್ನುವ ಅದೇ ಲೇಖಕ, ಹೊಣೆ ನಿಂತು ಮನೆಮಠ ಕಳೆದುಕೊಂಡವರನ್ನೂ ನೆನೆಯುತ್ತಾನೆ. ಜ್ಞಾನೋಕ್ತಿಗಳಂತೂ ಹೊಣೆಯ ಸಹವಾಸವೇ ಬೇಡವೆನ್ನುತ್ತವೆ. ಇಷ್ಟಾದರೂ ಹಿಬ್ರಿಯರಿಗೆ ಬರೆದ ಪತ್ರದ ಲೇಖಕ 7ನೇ ಅಧ್ಯಾಯದಲ್ಲಿ ಕ್ರಿಸ್ತರಿಗೆ ಆ ಪದವನ್ನೇ ಆರಿಸಿಕೊಂಡ: ‘ಎಂಗಿಯೋಸ್’, ಹೊಣೆಗಾರ. ಹೊಸ ಒಡಂಬಡಿಕೆಯಲ್ಲಿ ಈ ಪದ ಇದೊಂದೇ ಕಡೆ ಬರುತ್ತದೆ. ನಾವು ಅದನ್ನು ಕ್ರಿಸ್ತಶಾಸ್ತ್ರದ ತರಗತಿಯಲ್ಲಿ ಯಾಜಕತ್ವದ ಪಾಠದೊಳಗೆ ಎರಡು ನಿಮಿಷದಲ್ಲಿ ದಾಟುತ್ತೇವೆ. ಸಂತೆಯಿಂದ ಬಂದ ಪದ ಅದು. ಅದರ ಮೊದಲ ಓದುಗರಲ್ಲಿ ಜಾಮೀನು ನಿಂತು ಬೀದಿಪಾಲಾದವರನ್ನು ಕಂಡವರೂ ಇದ್ದಿರಬೇಕು.

ಜೂಬಿಲಿ ವರ್ಷವಾದ 2025ರಲ್ಲಿ ಬಡರಾಷ್ಟ್ರಗಳ ಸಾಲ ಬಿಡಬೇಕೆಂದು ಪೋಪ್ ಫ್ರಾನ್ಸಿಸ್ ಕೇಳಿಕೊಂಡಿದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ಬಲವಂತವನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು: ಬಲವಂತಕ್ಕೆ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ, ನೋಂದಣಿಯಿಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ರದ್ದು. ನಮ್ಮ ಬ್ರದರ್‌ಗಳು ಜೂಬಿಲಿಯ ಮೇಲೆ ಉತ್ತಮ ಪ್ರಬಂಧಗಳನ್ನು ಬರೆದರು. ಈ ಆಜ್ಞೆಯನ್ನು ಓದಿದವರು ಎಷ್ಟು ಮಂದಿ ಎಂದು ತರಗತಿಯಲ್ಲಿ ಕೇಳಿದೆ, ಕೈಯೆತ್ತಿದವರು ಇಬ್ಬರು. ನಾನೇ ಅದನ್ನು ಓದಿದ್ದು ಹಿಪ್ಪರಗಿಗೆ ಹೋಗುವ ಹಿಂದಿನ ರಾತ್ರಿ.

ಆ ದಿನ ಮಾಡಿದ್ದಾದರೂ ಇಷ್ಟೇ. ಒಂದು ಹಾಳೆಯ ಮೇಲೆ ಎಲ್ಲ ಸಾಲವನ್ನೂ ಬರೆದೆವು. ಗಂಡನಿಗೆ ಮೂರನೆಯ ಪಾಸ್‌ಬುಕ್ಕಿನ ವಿಷಯ ಗೊತ್ತಾದದ್ದು ಆಗಲೇ. ತಿಂಗಳ ಕಂತುಗಳು 3,100, 2,850, 2,400: ಒಟ್ಟು 8,350 ರೂಪಾಯಿ. ಮಗ್ಗದ ಕೂಲಿಯಿಂದ ಮನೆಗೆ ಬರುವುದು ಸುಮಾರು 14,000. ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗುವಂತೆ ಕಿರುಸಾಲ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲಿನಿಂದ ಜಾರಿಯಲ್ಲಿದೆ. ಮೂರನೆಯ ಸಾಲ ಕೊಡುವಾಗ ಅದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಕಂತು ಇಳಿಸಿ ಅವಧಿ ಹೆಚ್ಚಿಸಬೇಕೆಂದು ಕಂಪನಿಗೊಂದು ಪತ್ರ, ಉತ್ತರ ಬಾರದಿದ್ದರೆ ಮುಂದೆ ಒಂಬುಡ್ಸ್‌ಮನ್ನರಿಗೆ ಕಳುಹಿಸಲು ಅದರ ನಕಲು. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ ಎಂಬುದನ್ನೂ ಅದೇ ಹಾಳೆಯ ಕೆಳಗೆ ಬರೆದುಕೊಟ್ಟೆ.

ಪಾಸ್‌ಬುಕ್ಕಿಲ್ಲದ ನಾಲ್ಕನೆಯ ಸಾಲವೊಂದಿತ್ತು. ಊರಿನವರೇ ಒಬ್ಬರು ಕೈಗಡವಾಗಿ ಕೊಟ್ಟ 20,000 ರೂಪಾಯಿ, ತಿಂಗಳಿಗೆ ನೂರಕ್ಕೆ ಐದರ ಬಡ್ಡಿ. ಕೊಟ್ಟವರಿಗೆ ಲೇವಾದೇವಿಯ ಪರವಾನಗಿಯಿಲ್ಲ. ಹೊಸ ಕಾಯಿದೆಯ ಪ್ರಕಾರ ದೂರು ಕೊಡಬಹುದು ಎಂದೆ. ಆಕೆ ತಲೆಯಲ್ಲಾಡಿಸಿದರು. “ಬ್ಯಾಡ್ರಿ ಫಾದರ್. ಹೊಳಿ ಬಂದಾಗ ರಾತ್ರೋರಾತ್ರಿ ರೊಕ್ಕಾ ತಂದು ಕೊಟ್ಟಾಂವ ಅಂವ ಒಬ್ಬನ.” ದೂರಿನ ಬದಲು ಸಂಜೆ ನಾವು ಮೂವರೂ ಅವರ ಮನೆಗೆ ಹೋದೆವು. ಬಡ್ಡಿ ನಿಲ್ಲಿಸಿ ಅಸಲನ್ನು ಇಪ್ಪತ್ತು ಕಂತಿನಲ್ಲಿ ತೆಗೆದುಕೊಳ್ಳಬೇಕೆಂದು ಕೇಳಿಕೊಂಡೆವು. ಅವರು ಚಹಾ ಕೊಟ್ಟರು, ಲೆಕ್ಕದ ಹಾಳೆಯನ್ನು ಎರಡು ಸಲ ಓದಿದರು, ಇದಕ್ಕೆ ಹೊಣೆ ಯಾರು ಎಂದು ನನ್ನನ್ನೇ ಕೇಳಿದರು.