ವಿನೈಲ್ ಪ್ರಿಂಟ್‌ನಲ್ಲಿ ಬಿಳಿ ಗೆರೆ ಬಂದರೆ ಹೆಡ್ ಹೋಯಿತು ಎಂದೇ ಅರ್ಥವೇ?

ಅಲ್ಲ. ಹೆಡ್ ಪ್ರಿಂಟರ್‌ನ ದುಬಾರಿ ಭಾಗ. ಹೊಸದಕ್ಕೆ ಹಣ ಸುರಿಯುವ ಮುನ್ನ ಕಾರಣ ಹುಡುಕೋಣ.

ಮೊದಲು ನಾಜಲ್ ಚೆಕ್ ತೆಗೆಯಿರಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ಗೆರೆ ತುಂಡಾದರೆ ಆ ನಾಜಲ್‌ನಲ್ಲಿ ಇಂಕ್ ಒಣಗಿ ಕಟ್ಟಿಕೊಂಡಿರಬಹುದು. ತುಂಡಾಗುವ ಜಾಗ ಬದಲಾಗುತ್ತಿದ್ದರೆ ಇಂಕ್ ಪೈಪ್, ಡ್ಯಾಂಪರ್‌ಗಳಲ್ಲಿ ಗಾಳಿ ಸೇರಿದೆಯೇ ನೋಡಿ. ನಾಜಲ್ ಚೆಕ್ ಪೂರ್ತಿ ಬಂದರೂ ಪ್ರಿಂಟ್‌ನಲ್ಲಿ ಗೆರೆಯಿದ್ದರೆ ತಪ್ಪು ಸಾಮಾನ್ಯವಾಗಿ ಫೀಡ್‌ನದು: ವಿನೈಲ್ ಹೆಚ್ಚು ಸರಿದರೆ ಬಿಳಿ ಗೆರೆ, ಕಡಿಮೆ ಸರಿದರೆ ಗಾಢ ಗೆರೆ. ಆಗ ಫೀಡ್ ಕ್ಯಾಲಿಬ್ರೇಷನ್ ಮಾಡಬೇಕು. ಅಕ್ಷರಗಳ ಅಂಚು ಜೋಡಿಯಾಗಿ ಕಂಡರೆ ಹೆಡ್ ಅಲೈನ್‌ಮೆಂಟ್ ಸರಿಪಡಿಸಿ.

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣಗಿರುತ್ತದೆ. ಸಾಲ್ವೆಂಟ್ ಇಂಕ್ ನಾಜಲ್‌ನಲ್ಲೇ ಬೇಗ ಆರುತ್ತದೆ. ವಿನೈಲ್ ಮೇಲೆ ಸ್ಥಾಯೀ ವಿದ್ಯುತ್ ಕೂಡಿ ಇಂಕಿನ ಹನಿಗಳು ಚದುರಿ, ಅಂಚು ಮಸುಕಾಗುತ್ತದೆ. ಆದ್ದರಿಂದ ಫ್ಯಾನ್ ಗಾಳಿ ಹೆಡ್‌ಗೆ ನೇರವಾಗಿ ಬೀಳದಿರಲಿ, ಅರ್ಥಿಂಗ್ ಸರಿಯಿರಲಿ, ಕೆಲಸವಿಲ್ಲದಾಗ ಹೆಡ್ ಕ್ಯಾಪ್ ಮೇಲೆ ಕೂತಿರಲಿ.

ಎರಡು-ಮೂರು ಸಲ ಕ್ಲೀನಿಂಗ್ ಕೊಟ್ಟರೂ ನಾಜಲ್ ತೆರೆಯದಿದ್ದರೆ ನಿಲ್ಲಿಸಿ. ಮತ್ತೆ ಮತ್ತೆ ಕೊಟ್ಟರೆ ಇಂಕ್ ವ್ಯರ್ಥ. ಒಣ ಬಟ್ಟೆಯಿಂದ ನಾಜಲ್ ಉಜ್ಜಲೇಬೇಡಿ. ತೆಗೆದ ನಾಜಲ್ ಚೆಕ್‌ಗಳನ್ನೆಲ್ಲ ಮೆಕ್ಯಾನಿಕ್‌ಗೆ ತೋರಿಸಿ. ಹೆಡ್ ಬದಲಿಸುವುದು ಕೊನೆಯ ಮಾತು.